ಸುನಾಮಿ ಆದ್ಮೇಲೆ ಸಿಗಡಿ ಸುಂಕ ತೆಗೆಸ್ಲಿಕ್ಕೆ ಹೊರಟದ್ದು

2025ರ ಆಗಸ್ಟಲ್ಲಿ ಅಮೆರಿಕದವರು ನಮ್ಮ ದೇಶದ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಮಾಡಿದಾಗ ನಮ್ಮ ಲೈನಲ್ಲಿರೋ ಹುಡುಗರು ಸುಮಾರು ಜನ ಫೋನ್ ಮಾಡಿದ್ರು. ಅಣ್ಣ, ಮುಂಚೆ ಸುನಾಮಿ ಟೈಮಲ್ಲಿ ಸುಂಕ ತೆಗೀರಿ ಅಂತ ಕೇಳಿದ್ದುಂಟಂತಲ್ಲ, ನೀವು ಆಗ ಇದ್ರಲ್ಲ, ಅದು ಎಂತ ಆಯ್ತು, ಈಗ ಹಾಗೆ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ ಅಂತ. ಫೋನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು, ಅದಕ್ಕೆ ಇಲ್ಲಿ ಬರೀತಿದ್ದೇನೆ. ಮೊದಲೇ ಒಂದು ಹೇಳಿಬಿಡ್ತೇನೆ, 2025ರದ್ದು ಅಲ್ಲಿನ ಅಧ್ಯಕ್ಷರ ಆದೇಶದಿಂದ ಬಂದ ಸುಂಕ, ನಮ್ಮ ಕಾಲದ್ದು ಆಂಟಿ ಡಂಪಿಂಗ್ ಸುಂಕ, ಅಂದ್ರೆ ಸರಿಯಾದ ಬೆಲೆಗಿಂತ ಕಡಿಮೆಗೆ ತಂದು ಮಾರ್ತಾರೆ ಅಂತ ಹಾಕುವ ಸುಂಕ. ಅದರ ದಾರಿ ಬೇರೆ, ಇದರ ದಾರಿ ಬೇರೆ.

ನಾನು ಆಗ ಮಂಗಳೂರಿನ ಒಂದು ಮೀನು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಡಾಕ್ಯುಮೆಂಟೇಶನ್ ನೋಡ್ಕೊಳ್ತಿದ್ದೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಹೆಲ್ತ್ ಸರ್ಟಿಫಿಕೇಟ್, ಬ್ಯಾಂಕಿನ ಎಲ್‌ಸಿ ಕಾಗದ, ಇದೇ ಕೆಲಸ. ದೊಡ್ಡ ಕಂಪನಿ ಏನಲ್ಲ. ಮಂಗಳೂರಿನ ಮೀನು ಬಂದರು ದಕ್ಕೆಯಿಂದ, ಮಲ್ಪೆಯಿಂದ ಬರುವ ಬೊಂಡಾಸ್ (ಸ್ಕ್ವಿಡ್), ಕಪ್ಪೆ ಬೊಂಡಾಸ್ (ಕಟಲ್ ಫಿಶ್) ಯುರೋಪಿಗೆ, ಪಾಂಬೊಲ್ (ರಿಬ್ಬನ್ ಮೀನು) ಚೀನಾಕ್ಕೆ, ಸಿಗಡಿ ಸ್ವಲ್ಪ ಜಪಾನಿಗೆ ಸ್ವಲ್ಪ ಅಮೆರಿಕಕ್ಕೆ. ಕೆರೆ ಸಿಗಡಿ ಕುಂದಾಪುರದಿಂದ, ಕುಮಟಾದ ಗಜನಿಯಿಂದ, ಅಂದ್ರೆ ಉಪ್ಪು ನೀರಿನ ಗದ್ದೆಗಳಿಂದ, ಬರ್ತಿತ್ತು, ಕಡಲ ಸಿಗಡಿ ಬೋಟಿನದ್ದು. ಒಟ್ಟು ವ್ಯಾಪಾರದಲ್ಲಿ ಅಮೆರಿಕದ ಪಾಲು ಸಣ್ಣದೇ, ಆದ್ರೆ ಕೈಯಲ್ಲಿ ನಾಲ್ಕು ಕಾಸು ಉಳೀತಿದ್ದದ್ದು ಅದರಲ್ಲೇ, ಮತ್ತೆ ನಮ್ಮ ಸಿಗಡಿ ಸುಲಿಯುವ ಪೀಲಿಂಗ್ ಶೆಡ್ಡಿನ ಹೆಂಗಸರಿಗೆ ಕೆಲಸ ಸಿಗ್ತಿದ್ದದ್ದು ಸಿಗಡಿ ಬಂದ ದಿನ ಮಾತ್ರ. ಬೊಂಡಾಸಿಗೆ ಅಷ್ಟು ಕೈ ಬೇಡ.

ಕೇಸ್ ಶುರುವಾದದ್ದು ಸುನಾಮಿಗಿಂತ ಒಂದು ವರ್ಷ ಮುಂಚೆ. 2003ರ ಡಿಸೆಂಬರ್ ಕೊನೇ ದಿನ ಅಮೆರಿಕದ ದಕ್ಷಿಣದ ರಾಜ್ಯಗಳ ಸಿಗಡಿ ಬೋಟಿನವರು ಸೇರಿ ದೂರು ಕೊಟ್ರು, ಬ್ರೆಜಿಲ್, ಚೀನಾ, ಈಕ್ವೆಡಾರ್, ಭಾರತ, ಥಾಯ್ಲೆಂಡ್, ವಿಯೆಟ್ನಾಂ ಈ ಆರು ದೇಶದವರು ಫ್ರೋಜನ್ ಸಿಗಡಿಯನ್ನು ಸರಿಯಾದ ಬೆಲೆಗಿಂತ ಕಡಿಮೆಗೆ ತಂದು ಸುರೀತಿದ್ದಾರೆ, ನಮ್ಮ ಬದುಕು ಹಾಳಾಗ್ತಿದೆ ಅಂತ. ಅಲ್ಲಿ ಎರಡು ಆಫೀಸು ಇದನ್ನು ನೋಡ್ತವೆ. ಕಾಮರ್ಸ್ ಡಿಪಾರ್ಟ್‌ಮೆಂಟ್ ಎಷ್ಟು ಕಡಿಮೆಗೆ ಮಾರಿದ್ದೀರಿ ಅಂತ ಲೆಕ್ಕ ಹಾಕಿ ರೇಟ್ ಹೇಳ್ತದೆ, ಇಂಟರ್‌ನ್ಯಾಶನಲ್ ಟ್ರೇಡ್ ಕಮಿಶನ್ ಅಂತ ಇನ್ನೊಂದು, ಅದು ಅಲ್ಲಿನ ಉದ್ಯಮಕ್ಕೆ ನಿಜವಾಗಿ ಪೆಟ್ಟು ಬಿದ್ದಿದೆಯಾ ಅಂತ ನೋಡ್ತದೆ. ಎರಡೂ ಹೌದು ಅಂದ್ರೆ ಸುಂಕ. ಭಾರತದಲ್ಲಿ ಮೂರೇ ಮೂರು ಕಂಪನಿಗಳ ಪುಸ್ತಕ ಪೂರ್ತಿ ಬಿಚ್ಚಿ ನೋಡಿದ್ರು, ಅವುಗಳ ಸರಾಸರಿ 10.17 ಪರ್ಸೆಂಟ್ ಬಂತು, ಅದನ್ನೇ ಉಳಿದ ಎಲ್ಲರಿಗೂ ಹಾಕಿದ್ರು. ನಮ್ಮ ಪುಸ್ತಕ ಯಾರೂ ನೋಡ್ಲಿಲ್ಲ, ನಾವು ಯಾವ ರೇಟಿಗೆ ಮಾರಿದ್ದು ಅಂತ ಕೇಳ್ಲಿಲ್ಲ, ಆದ್ರೂ ನಮಗೆ 10.17.

ಕಾಮರ್ಸಿನವರ ಕೊನೇ ತೀರ್ಮಾನ ಬಂದದ್ದು 2004ರ ಡಿಸೆಂಬರ್ ಮೂರನೇ ವಾರ. ಅದೇ 26ಕ್ಕೆ, ಭಾನುವಾರ, ಸುನಾಮಿ. ನಾಗಪಟ್ಟಿಣಂ ಜಿಲ್ಲೆ ಒಂದರಲ್ಲೇ 6 ಸಾವಿರಕ್ಕಿಂತ ಹೆಚ್ಚು ಜನ ಹೋದ್ರು. ನಮ್ಮ ಕಡೆ ಕೇರಳದ ಕೊಲ್ಲಂ, ಆಲಪ್ಪುಳಕ್ಕೂ ಪೆಟ್ಟು ಬಿತ್ತು, ಮಂಗಳೂರು ಉಡುಪಿಗೆ ದೇವರ ದಯೆ, ಏನೂ ಆಗ್ಲಿಲ್ಲ. ಆದ್ರೆ ಬೋಟಿನವರ ಮನೆಗಳಲ್ಲಿ ಆ ವಾರ ಯಾರಿಗೂ ಊಟ ಸೇರ್ಲಿಲ್ಲ, ಕಡಲ ಕೆಲಸದವರಿಗೆ ಕಡಲ ಆ ಬದಿ ಈ ಬದಿ ಅಂತ ಇಲ್ಲ, ಅಕ್ಕಿ ಬಟ್ಟೆ ಒಟ್ಟು ಮಾಡಿ ಲಾರಿಯಲ್ಲಿ ಕಳಿಸಿದ್ರು.

ಜನವರಿಯಲ್ಲಿ ಕಮಿಶನ್ ಓಟು ಹಾಕಿತು, ಹೌದು ಪೆಟ್ಟು ಬಿದ್ದಿದೆ ಅಂತ. ಫೆಬ್ರವರಿ 1, 2005ಕ್ಕೆ ಸುಂಕದ ಆರ್ಡರ್. ಆದ್ರೆ ಅದರ ಜೊತೆಗೇ ಕಮಿಶನ್ನಿನವರು ಒಂದು ಮಾತು ಹೇಳಿದ್ರು, ಭಾರತ ಮತ್ತೆ ಥಾಯ್ಲೆಂಡಿನ ಸಿಗಡಿ ಉದ್ಯಮದ ಮೇಲೆ ಸುನಾಮಿಯಿಂದ ಏನಾಗಿದೆ ಅಂತ ನಾವು ಬೇರೆಯಾಗಿ ನೋಡ್ತೇವೆ ಅಂತ. ಅವರ ಕಾನೂನಿನಲ್ಲಿ ಪರಿಸ್ಥಿತಿ ಬದಲಾದ್ರೆ ಆರ್ಡರನ್ನು ಮತ್ತೆ ಪರಿಶೀಲನೆ ಮಾಡುವ ಒಂದು ಕಲಂ ಉಂಟು, ಚೇಂಜ್ಡ್ ಸರ್ಕಮ್‌ಸ್ಟಾನ್ಸಸ್ ರಿವ್ಯೂ ಅಂತ ಹೇಳ್ತಾರೆ. ಅದರಡಿಯಲ್ಲಿ ಇದು ಶುರುವಾಯ್ತು. ಕೇಂದ್ರ ಸರಕಾರದ ಸಮುದ್ರೋತ್ಪನ್ನ ರಫ್ತು ಸಂಸ್ಥೆ ಎಂಪೆಡಾದಿಂದ, ಸೀಫುಡ್ ಎಕ್ಸ್‌ಪೋರ್ಟರ್ಸ್ ಅಸೋಸಿಯೇಶನ್‌ನಿಂದ ಪತ್ರ ಬಂದಾಗ ನಮಗೆಲ್ಲ ಜೀವ ಬಂದ ಹಾಗಾಯ್ತು. ಸುನಾಮಿ ಇಡೀ ಪ್ರಪಂಚವೇ ಟಿವಿಯಲ್ಲಿ ನೋಡಿದ್ದು, ಇಂಥ ಹೊತ್ತಲ್ಲಿ ಸುಂಕ ಹಾಕ್ತಾರಾ, ಖಂಡಿತ ತೆಗೀತಾರೆ ಅಂತಲೇ ನಾನೂ ನಂಬಿದ್ದೆ.

ಅಷ್ಟರಲ್ಲಿ ಸುಂಕದ ಬಿಸಿ ತಾಗಲಿಕ್ಕೆ ಶುರುವಾಗಿತ್ತು. ಸುಂಕ ಕಟ್ಟೋದು ಅಮೆರಿಕದ ಬಯ್ಯರ್ ಅಂತ ಕಾಗದದಲ್ಲಿ ಉಂಟು ನಿಜ. ಮಾಲು ಇಳಿದ ಕೂಡ್ಲೆ ಅವನು 10.17 ಪರ್ಸೆಂಟ್ ಕ್ಯಾಶ್ ಡೆಪಾಸಿಟ್ ಇಡ್ಬೇಕು, ಅದರ ಕೊನೇ ಲೆಕ್ಕ ಆಗೋದು ವರ್ಷಗಟ್ಟಲೆ ಆದ್ಮೇಲೆ. ಆದ್ರೆ ಅವನು ಆ ಹತ್ತು ಪರ್ಸೆಂಟನ್ನು ನಮ್ಮ ರೇಟಲ್ಲೇ ಕಡಿದ. ಅದೂ ಸಾಲದು ಅಂತ ಬಾಂಡ್, ಅಂದ್ರೆ ಸುಂಕ ಬಾಕಿ ಬಿದ್ರೆ ಕಟ್ಟಿಕೊಡ್ತೇವೆ ಅನ್ನುವ ಜಾಮೀನು. ಅಮೆರಿಕದ ಕಸ್ಟಮ್ಸ್ ಸಿಗಡಿಗೆ ಮಾತ್ರ ಹೊಸ ನಿಯಮ ತಂದಿತ್ತು, ಹಿಂದಿನ ಹನ್ನೆರಡು ತಿಂಗಳಲ್ಲಿ ತರಿಸಿದ ಮಾಲಿನ ಬೆಲೆಗೆ ಸುಂಕದ ರೇಟ್ ಗುಣಿಸಿ ಬಂದಷ್ಟಕ್ಕೆ ಬಾಂಡ್ ಕೊಡ್ಬೇಕು, ಡೆಪಾಸಿಟ್ ಬೇರೆ, ಇದು ಬೇರೆ. ವರ್ಷಕ್ಕೆ 1 ಕೋಟಿ ಡಾಲರಿನ ಸಿಗಡಿ ತರಿಸುವವನಿಗೆ 10 ಲಕ್ಷ ಡಾಲರಿನ ಮೇಲೆ ಬಾಂಡ್, ಮುಂದಿನ ವರ್ಷ ಮತ್ತೊಂದು, ಹಳೇದು ಬಿಡುಗಡೆ ಆಗಿರೋದಿಲ್ಲ. ಸಣ್ಣ ಬಯ್ಯರುಗಳು ಸಿಗಡಿಯೇ ಬೇಡ ಅಂತ ಕೈಬಿಟ್ರು. ಉಳಿದವರು, ನೀವೇ ಇಂಪೋರ್ಟರ್ ಆಗಿ ಇಲ್ಲಿವರೆಗೆ ತಲುಪಿಸಿ, ಡ್ಯೂಟಿ ಬಾಂಡ್ ಎಲ್ಲ ನಿಮ್ಮದೇ, ಆದ್ರೆ ಮಾಲು ತಗೊಳ್ತೇವೆ ಅಂದ್ರು. ನಮ್ಮಂಥ ಕಂಪನಿಗೆ ಅಷ್ಟು ದುಡ್ಡು ಬ್ಯಾಂಕಲ್ಲಿ ಲಾಕ್ ಮಾಡಿ ಕೂರ್ಲಿಕ್ಕೆ ಎಲ್ಲಿಂದ ಬರ್ಬೇಕು ಹೇಳಿ.

ಇನ್ನು ಆ ರಿವ್ಯೂಗೆ ಅಂತ ಬಂದ ಪ್ರಶ್ನಾವಳಿ. ಕಮಿಶನ್ ಅಮೆರಿಕದ ಉತ್ಪಾದಕರಿಗೆ, ಇಂಪೋರ್ಟರುಗಳಿಗೆ, ನಮ್ಮಂಥ ಹೊರದೇಶದ ಎಕ್ಸ್‌ಪೋರ್ಟರುಗಳಿಗೆ ಬೇರೆ ಬೇರೆ ಪ್ರಶ್ನಾವಳಿ ಕಳಿಸ್ತದೆ. ನಮ್ಮದು ತುಂಬಿಸುವ ಕೆಲಸ ನನಗೂ ನಮ್ಮ ಅಕೌಂಟೆಂಟ್ ಮೇಡಂಗೂ ಬಿತ್ತು. ನಿಮ್ಮ ಫ್ಯಾಕ್ಟರಿಯ ಕೆಪಾಸಿಟಿ ಎಷ್ಟು, ಉತ್ಪಾದನೆ ಎಷ್ಟು, ಸ್ಟಾಕ್ ಎಷ್ಟು, ಅಮೆರಿಕಕ್ಕೆ ಎಷ್ಟು ಹೋಯ್ತು, ಬೇರೆ ದೇಶಕ್ಕೆ ಎಷ್ಟು, ಸ್ವಂತ ದೇಶದಲ್ಲಿ ಎಷ್ಟು ಮಾರಿದ್ರಿ, ಎಲ್ಲ ವರ್ಷವಾರು, ಎಲ್ಲ ಪೌಂಡಲ್ಲಿ. ನಮ್ಮದು ಎಲ್ಲ ಕೇಜಿ ಲೆಕ್ಕ, ಮಾಸ್ಟರ್ ಕಾರ್ಟನ್ ಲೆಕ್ಕ. ಬ್ರೆಡ್ ಹಾಕಿದ ಸಿಗಡಿ ಈ ಸುಂಕದಲ್ಲಿ ಬರೋದಿಲ್ಲ, ಒಣ ಸಿಗಡಿ ಬರೋದಿಲ್ಲ, ತಲೆ ತೆಗೆದದ್ದು ಸಿಪ್ಪೆ ತೆಗೆದದ್ದು ಬೇಯಿಸಿದ್ದು ಬರ್ತದೆ, ಹಾಗಾಗಿ ಹಳೇ ಇನ್‌ವಾಯ್ಸ್ ಒಂದೊಂದೇ ತೆಗೆದು ಬೇರೆ ಮಾಡ್ಬೇಕು. ಮಳೆಗಾಲ ಅದು, ಬೋಟ್ ಬಂದ್, ಫ್ಯಾಕ್ಟರಿಯಲ್ಲಿ ಕೆಲಸ ಇಲ್ಲ, ಆ ಒಂದು ಕಾರಣಕ್ಕೆ ನಮಗೆ ಕೂತು ಮಾಡ್ಲಿಕ್ಕೆ ಸಾಧ್ಯ ಆಯ್ತು.

ಲೆಕ್ಕ ಎಲ್ಲ ಒಂದು ತೂಕ, ಸುನಾಮಿಯ ಪ್ರಶ್ನೆಗಳೇ ಒಂದು ತೂಕ. ಸುನಾಮಿಯಿಂದ ನಿಮ್ಮ ಕೆಪಾಸಿಟಿ, ಉತ್ಪಾದನೆ, ಕಚ್ಚಾ ಮಾಲಿನ ಪೂರೈಕೆ ಇದರ ಮೇಲೆ ಏನಾಗಿದೆ, ಹೇಗೆ ಗೊತ್ತು, ಎಷ್ಟು ದಿನಕ್ಕೆ ಸರಿ ಹೋಗ್ತದೆ, ಈ ಥರ. ನಮ್ಮ ಪ್ಲೇಟ್ ಫ್ರೀಜರಿಗೆ ಏನೂ ಆಗಿಲ್ಲ. ಕೋಲ್ಡ್ ಸ್ಟೋರೇಜಿಗೆ ಆಗಿಲ್ಲ. ದಕ್ಕೆಯ ಬೋಟು ಒಂದೂ ಮುಳುಗಿಲ್ಲ. ಏನಂತ ಬರೀಬೇಕು? ಪ್ರಶ್ನಾವಳಿಯ ಕೊನೆಗೆ ಇದರಲ್ಲಿ ಹೇಳಿದ್ದೆಲ್ಲ ಸತ್ಯ ಅಂತ ಸಹಿ ಬೇರೆ ಹಾಕ್ಲಿಕ್ಕುಂಟು. ಆಫೀಸಲ್ಲಿ ಒಬ್ಬರು ಹೇಳಿದ್ರು, ಕೆಪಾಸಿಟಿ ಸ್ವಲ್ಪ ಕಮ್ಮಿ ತೋರಿಸಿ, ಯಾರು ಬಂದು ನೋಡ್ತಾರೆ, ಎಲ್ಲ ಭಾರತದ ಒಳ್ಳೇದಕ್ಕೇ ಅಲ್ವಾ ಅಂತ. ನಮ್ಮ ಧಣಿಗಳು ಆ ಮಾತು ಅಲ್ಲೇ ನಿಲ್ಲಿಸಿದ್ರು. "ಇದ್ದದ್ದು ಇದ್ದ ಹಾಗೆ ಬರೀರಿ. ಸತ್ತವರ ಹೆಸರಲ್ಲಿ ನಾನು ಸುಳ್ಳು ಸಹಿ ಹಾಕುದಿಲ್ಲ" ಅಂದ್ರು. ಅವರ ಮೇಲೆ ನನಗಿದ್ದ ಗೌರವ ಆ ದಿನ ಇನ್ನೂ ಜಾಸ್ತಿ ಆಯ್ತು, ಆದ್ರೆ ನಮ್ಮ ಸತ್ಯವಾದ ಉತ್ತರವೇ ನಮ್ಮ ಅರ್ಜಿಗೆ ವಿರುದ್ಧ ಹೋಗ್ತದೆ ಅಂತ ನನಗೆ ಆಗಲೇ ಹೊಟ್ಟೆಯಲ್ಲಿ ತಳಮಳ.

ಹಾಗಂತ ನಮಗೆ ಏನೂ ಆಗಿರ್ಲಿಲ್ಲ ಅಂತ ಅಲ್ಲ. ಆಗಿನ್ನೂ ವನ್ನಾಮಿ ಅನ್ನುವ ಹೊರದೇಶದ ಸಿಗಡಿ ಜಾತಿ ಬಂದಿರ್ಲಿಲ್ಲ, ಅದಕ್ಕೆ ಪರ್ಮಿಶನ್ ಸಿಕ್ಕಿದ್ದೇ 2009ರಲ್ಲಿ. ಕೆರೆಯಲ್ಲಿ ಬೆಳೆಸ್ತಿದ್ದದ್ದು ಟೈಗರ್ ಸಿಗಡಿ. ಆಗ ಟೈಗರಿನ ತಾಯಿ ಸಿಗಡಿಯನ್ನು ಕಡಲಿಂದಲೇ ಹಿಡೀಬೇಕಿತ್ತು, ಹ್ಯಾಚರಿಯಲ್ಲಿ ಮೊಟ್ಟೆ ಇಡಿಸಿ ಮರಿ ಮಾಡ್ಬೇಕಿತ್ತು. ಹ್ಯಾಚರಿ ಇರೋದು ಹೆಚ್ಚಾಗಿ ಪೂರ್ವ ಕರಾವಳಿಯಲ್ಲಿ, ಉಪ್ಪು ನೀರು ಎಳೀಲಿಕ್ಕೆ ಅಂತ ಕಡಲ ದಂಡೆಯಲ್ಲೇ. ಅಲ್ಲಿ ನೀರು ನುಗ್ಗಿದ ಮೇಲೆ, ಕಡಲಿಗೆ ಹೋಗ್ಲಿಕ್ಕೆ ಜನವೇ ಇಲ್ಲದ ಮೇಲೆ ತಾಯಿ ಸಿಗಡಿ ಎಲ್ಲಿಂದ ಬರ್ತದೆ? ನಮ್ಮ ಕುಂದಾಪುರದ ಕೆರೆಯವರಿಗೆ ಆ ಸೀಸನಲ್ಲಿ ಮರಿ ಸಿಗದೆ ಒದ್ದಾಡಿದ್ದು ನಾನು ಕಣ್ಣಾರೆ ಕಂಡದ್ದು. ಇದನ್ನು ದಾಖಲೆ ಸಮೇತ ತೋರಿಸಿದ್ರೆ ಉತ್ತರಕ್ಕೆ ಬಲ ಬರ್ತದೆ ಅಂತ ನಾನೇ ಅಲ್ಲಿಗೆ ಹೋದೆ.

"ಮರಿ ತಂದ ಬಿಲ್ಲು ಉಂಟಾ?" ಅಂತ ಕೇಳಿದ್ರೆ ಕೆರೆಯವರು ನನ್ನ ಮುಖ ನೋಡಿದ್ರು. "ಬಿಲ್ಲು ಎಂತದು ಮಾರಾಯ್ರೆ, ಏಜೆಂಟ್ ತರ್ತಾನೆ, ಚೀಲ ಎಣಿಸಿ ದುಡ್ಡು ಕೊಡುದು. ಈ ಸಲ ಅವನು ಬರ್ಲೇ ಇಲ್ಲ. ಬಾರದ್ದಕ್ಕೆ ಬಿಲ್ಲು ಯಾರು ಕೊಡ್ತಾರೆ?"

ಆ ಪ್ರಶ್ನೆಗೆ ನನ್ನತ್ರ ಈಗಲೂ ಉತ್ತರ ಇಲ್ಲ. ಒಂದು ಕೆರೆ ಖಾಲಿ ಬಿದ್ದದ್ದಕ್ಕೆ ಯಾವ ಕಾಗದವೂ ಹುಟ್ಟುದಿಲ್ಲ, ಆದ್ರೆ ನೀರು ತುಂಬಿಸಿ ಮರಿ ಬಿಟ್ಟು ಬೆಳೆಸಿ ಮಾರಿದ್ರೆ ಐಸ್ ಬಿಲ್ಲಿಂದ ಹಿಡಿದು ಶಿಪ್ಪಿಂಗ್ ಬಿಲ್‌ವರೆಗೂ ಕಾಗದ. ನಷ್ಟ ಆದವನ ಹತ್ರವೇ ಪುರಾವೆ ಕಡಿಮೆ ಇರೋದು, ನಷ್ಟ ಆಗದವನ ಹತ್ರ ಕಪಾಟು ತುಂಬ ಇರೋದು. ವಾಷಿಂಗ್ಟನ್ನಿಗೆ ಹೋದ ಫೈಲುಗಳಲ್ಲಿ ತುಂಬಿದ್ದದ್ದು ನಮ್ಮಂಥ ಕಪಾಟುಗಳ ಕಾಗದ. ನಾನು ಆ ಕೆರೆಯವರು ಹೇಳಿದ್ದನ್ನೇ ಒಂದು ಸ್ಟೇಟ್‌ಮೆಂಟ್ ಥರ ಬರೆದು ಅವರ ಸಹಿ ತಗೊಂಡು ಸೇರಿಸಿದೆ.

ಫೈಲ್ ಕೊಡುವಾಗ ಇನ್ನೊಂದು ಭಯ, ನಮ್ಮ ರೇಟು, ನಮ್ಮ ಬಯ್ಯರ್ ಯಾರು ಅಂತ ಎದುರಿನವರಿಗೆ ಗೊತ್ತಾಗ್ತದಲ್ಲ ಅಂತ. ಅದಕ್ಕೆ ವ್ಯವಸ್ಥೆ ಉಂಟು. ಗುಪ್ತ ಮಾಹಿತಿ ಅಂತ ಬ್ರಾಕೆಟ್ ಹಾಕಿ ಕೊಟ್ಟದ್ದನ್ನು ಕಮಿಶನ್ನಿನವರು ಮತ್ತೆ ಎರಡೂ ಕಡೆಯ ವಕೀಲರು ಮಾತ್ರ ನೋಡ್ಬಹುದು, ವಕೀಲರು ತಮ್ಮ ಕಕ್ಷಿದಾರನಿಗೂ ತೋರಿಸುವ ಹಾಗಿಲ್ಲ. ಈ ಶಿಸ್ತು ನನಗೆ ನಿಜಕ್ಕೂ ಇಷ್ಟ ಆಯ್ತು.

ಅಸೋಸಿಯೇಶನ್ ಕಡೆಯ ವಕೀಲರು ಕಾನ್ಫರೆನ್ಸ್ ಕಾಲಲ್ಲಿ ಎಲ್ಲ ಕಂಪನಿಯವರಿಗೆ ವಿವರಿಸ್ತಿದ್ರು, ನಮಗೂ ಅವರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಹಾಗಾಗಿ ರಾತ್ರಿಯೇ. ಕೇಸಿನ ತಿರುಳು ನನಗೆ ಅರ್ಥ ಆದದ್ದು ಅಲ್ಲಿ. ನಾವೆಲ್ಲ ಅಂದ್ಕೊಂಡಿದ್ದು, ನಮಗೆ ಕಷ್ಟ ಆಗಿದೆ ಅಂತ ತೋರಿಸಿದ್ರೆ ಸಾಕು ಅಂತ. ಅದಲ್ಲ. ಅವರ ಕಾನೂನು ಕೇಳೋದು ಒಂದೇ, ಸುಂಕ ತೆಗೆದ್ರೆ ನಿಮ್ಮ ಸಿಗಡಿ ಮತ್ತೆ ನುಗ್ಗಿ ಬಂದು ನಮ್ಮವರಿಗೆ ಪೆಟ್ಟು ಕೊಡ್ತದಾ ಇಲ್ವಾ. ಕೊಡೋದಿಲ್ಲ ಅಂತ ಒಪ್ಪಿಸುವ ಹೊಣೆ ಸುಂಕ ತೆಗೀರಿ ಅಂತ ಕೇಳುವವನದ್ದೇ. ಅಂದ್ರೆ ಸುನಾಮಿಯಿಂದ ನೀವು ಚೇತರಿಸಿಕೊಳ್ಳುದಿಲ್ಲ ಅಂತ ತೋರಿಸಿದ್ರೆ ಮಾತ್ರ ನಿಮಗೆ ರಿಲೀಫ್. ಚೇತರಿಸಿಕೊಳ್ತೇವೆ ಅಂದ್ರೆ ಸುಂಕ. ಮಂಗಳೂರಿನ ಕಂಪನಿ ತುಂಬಿಸಿದ್ದು ಏನು? ಫ್ರೀಜರ್ ಸರಿ ಉಂಟು, ಮಾಲು ಸಿಕ್ಕಿದ್ರೆ ನಾಳೆಯೇ ಕಂಟೇನರ್ ತುಂಬಿಸ್ತೇವೆ. ಕೊಚ್ಚಿ, ಗುಜರಾತ್ ಕಡೆಯವರದ್ದೂ ಅದೇ ಇರ್ಬೇಕು. ಕಡಲು ಎದ್ದ ಕಡೆ ಸತ್ತದ್ದು ಮೀನುಗಾರರು, ಹೋದದ್ದು ಅವರ ಕಟ್ಟುಮರ, ಬಲೆ, ಮನೆ. ಅವರು ಹಿಡೀತಿದ್ದ ಮೀನು ಅಮೆರಿಕಕ್ಕೆ ಹೋಗುವಂಥದ್ದೇ ಅಲ್ಲ ಹೆಚ್ಚಿನದ್ದು. ಅಮೆರಿಕಕ್ಕೆ ಹೋಗ್ತಿದ್ದ ಟೈಗರ್ ಬೆಳೆಸ್ತಿದ್ದದ್ದು ಜಾಸ್ತಿ ಆಂಧ್ರದಲ್ಲಿ. ಸಂಕಟ ಒಬ್ಬರದ್ದು, ಸುಂಕ ಇನ್ನೊಬ್ಬರದ್ದು, ಎರಡನ್ನೂ ಒಂದೇ ಫೈಲಲ್ಲಿ ಕಟ್ಟಿ ಕೊಟ್ರೆ ಗಂಟು ನಿಲ್ಲುದಿಲ್ಲ ಅಂತ ನನಗೆ ಆ ರಾತ್ರಿ ಗೊತ್ತಾಯ್ತು.

ಇದರ ಮಧ್ಯೆ ಆಗಸ್ಟ್ 29ಕ್ಕೆ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ. ಲೂಸಿಯಾನಾ, ಮಿಸಿಸಿಪ್ಪಿ ದಂಡೆ ಪೂರ್ತಿ ಹೋಯ್ತು, ಸಿಗಡಿ ಬೋಟುಗಳು ರಸ್ತೆ ಮೇಲೆ, ಮರದ ಮೇಲೆ ಬಿದ್ದದ್ದನ್ನು ಟಿವಿಯಲ್ಲಿ ನೋಡಿದೆವು. ಸೆಪ್ಟೆಂಬರಲ್ಲಿ ರೀಟಾ ಬಂದು ಉಳಿದದ್ದಕ್ಕೂ ಹೊಡೀತು. ನಮ್ಮ ಮೇಲೆ ದೂರು ಕೊಟ್ಟವರ ಬೋಟುಗಳೇ ಅವು. ನಮ್ಮ ಶೆಡ್ಡಿನ ಒಬ್ಬ ಅಕ್ಕನಿಗೆ ನಾನು ಇದನ್ನು ಹೇಳಿದಾಗ ಅವರು ಮೊದಲು ಕೇಳಿದ್ದು ಬೋಟಲ್ಲಿ ಜನ ಇದ್ರಾ ಅಂತ. ಹೌದು, ಅವರೂ ನಮ್ಮ ಹಾಗೆ ಡೀಸೆಲ್ ರೇಟಿಗೆ ಬೆವರುವ ಜನ, ಅವರ ಮೇಲೆ ನನಗೆ ಯಾವತ್ತೂ ಸಿಟ್ಟು ಬರ್ಲಿಲ್ಲ. ಆದ್ರೆ ಕೇಸಿಗೆ ಇದು ಎರಡು ಕಡೆಯೂ ಎಳೀತು. ನಮ್ಮವರು ಹೇಳಿದ್ದು, ಅಲ್ಲಿ ಸಿಗಡಿಯೇ ಇಲ್ಲ, ಅಮೆರಿಕಕ್ಕೆ ನಮ್ಮ ಮಾಲು ಬೇಕು, ಈಗಾದ್ರೂ ಸುಂಕ ತೆಗೀರಿ ಅಂತ. ಅವರು ಹೇಳಿದ್ದು, ನಾವು ನೆಲ ಕಚ್ಚಿದ್ದೇವೆ, ಈಗ ಸುಂಕ ತೆಗೆದ್ರೆ ಏಳ್ಲಿಕ್ಕೇ ಆಗುದಿಲ್ಲ ಅಂತ. ಎರಡು ಕಡೆಯ ಕಡಲ ಜನರೂ ನೀರಿಂದಲೇ ಏಟು ತಿಂದು ಒಂದೇ ಮೇಜಿನ ಎದುರು ಬದುರು ನಿಂತ ಹಾಗಾಯ್ತು. ಯಾರದ್ದು ದೊಡ್ಡ ದುಃಖ ಅಂತ ಅಳೆಯುವ ಕೆಲಸ ಯಾವ ಕಮಿಶನ್ನಿಗೂ ಬರ್ಬಾರ್ದು.

ನವೆಂಬರ್ 2005ಕ್ಕೆ ತೀರ್ಮಾನ ಬಂತು. ಎರಡು ದೇಶಗಳ ಮೇಲೂ ಸುಂಕ ಮುಂದುವರಿಯಬೇಕು, ತೆಗೆದ್ರೆ ಅಮೆರಿಕದ ಉದ್ಯಮಕ್ಕೆ ಮತ್ತೆ ಪೆಟ್ಟು ಬೀಳುವ ಸಂಭವ ಉಂಟು ಅಂತ. ಆಫೀಸಲ್ಲಿ ಯಾರೂ ಜಾಸ್ತಿ ಮಾತಾಡ್ಲಿಲ್ಲ. ಅಕೌಂಟೆಂಟ್ ಮೇಡಂ ಮಾತ್ರ, ನಾವು ಬರೆದ ಉತ್ತರದಿಂದ ಹೀಗಾಯ್ತಾ ಸರ್ ಅಂತ ಧಣಿಗಳಿಗೆ ಕೇಳಿದ್ರು. ಅವರು, ನಾವು ಬರೆಯದಿದ್ರೂ ಆಗ್ತಿತ್ತು ಅಂದ್ರು ಅಷ್ಟೇ. ಅದು ಸರಿಯೇ ಅಂತ ನನ್ನ ಅಭಿಪ್ರಾಯ. ಪ್ರಾಕೃತಿಕ ವಿಕೋಪಕ್ಕೆ ಪರಿಹಾರ ಕೊಡ್ಲಿಕ್ಕೆ ಅಂತ ಮಾಡಿದ ಕಾನೂನೇ ಅಲ್ಲ ಅದು, ಮಾರ್ಕೆಟ್ ಲೆಕ್ಕದ ಕಾನೂನು. ಅದರ ಬಾಗಿಲಲ್ಲಿ ನಿಂತು ಕರುಣೆ ಕೇಳಿದೆವು, ಅದರ ಹತ್ರ ಕೊಡ್ಲಿಕ್ಕೆ ಅದು ಇರ್ಲಿಲ್ಲ. ಯುರೋಪಿನವರು ಬೇರೆ ದಾರಿ ಹಿಡಿದ್ರು ನೋಡಿ, 2005ರಲ್ಲೇ ತಮ್ಮ ಹೊಸ ರಿಯಾಯ್ತಿ ಸ್ಕೀಮನ್ನು ಬೇಗ ಜಾರಿ ಮಾಡಿ ಥಾಯ್ಲೆಂಡಿನ ಸಿಗಡಿಗೆ ಸುಂಕ ಇಳಿಸಿದ್ರು. ಅಲ್ಲಿ ಪ್ರಶ್ನಾವಳಿ ಇಲ್ಲ, ಪೌಂಡ್ ಲೆಕ್ಕ ಇಲ್ಲ, ಕೊಡ್ಬೇಕು ಅಂತ ಸರಕಾರಗಳು ಮನಸ್ಸು ಮಾಡಿದ್ವು, ಕೊಟ್ವು. ಈಗಿನ ಹುಡುಗರು ರಿಲೀಫ್ ಕೇಳೋದಾದ್ರೆ ದೆಹಲಿಯ ಮೂಲಕ ಈ ಥರದ್ದನ್ನು ಕೇಳ್ಬೇಕು ಅನ್ನೋದು ಇದಕ್ಕೇ.

ಬಾಂಡಿನ ವಿಷಯದಲ್ಲಿ ಮಾತ್ರ ನಮ್ಮ ಸರಕಾರ ಗಟ್ಟಿ ನಿಂತಿತು. 2006ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯೂಟಿಒಗೆ ದೂರು ಹೋಯ್ತು, ಥಾಯ್ಲೆಂಡಿನವರೂ ಹೋಗಿದ್ರು, 2008ರಲ್ಲಿ ಆ ಬಾಂಡ್ ನಿಯಮ ತಪ್ಪು ಅಂತ ತೀರ್ಪು ಬಂತು, 2009ಕ್ಕೆ ಸಿಗಡಿಗೆ ಹಾಕಿದ್ದ ಆ ನಿಯಮ ಹೋಯ್ತು. ಇನ್ನೊಂದು ಅನ್ಯಾಯ ಇತ್ತು, ಬರ್ಡ್ ಅಮೆಂಡ್‌ಮೆಂಟ್ ಅಂತ, ಆಂಟಿ ಡಂಪಿಂಗಲ್ಲಿ ವಸೂಲಾದ ದುಡ್ಡನ್ನು ದೂರು ಕೊಟ್ಟ ಕಂಪನಿಗಳಿಗೇ ಹಂಚುವ ಕಾನೂನು. ನಮ್ಮ ಹೆಂಗಸರು ಐಸ್ ನೀರಲ್ಲಿ ಕೈ ಮರಗಟ್ಟಿಸಿಕೊಂಡು ಸುಲಿದ ಸಿಗಡಿಯ ಸುಂಕ ಎದುರಾಳಿಯ ಕೈಗೆ ಚೆಕ್ ಆಗಿ ಹೋಗೋದು ಯಾವ ನ್ಯಾಯ. ಅದನ್ನು 2006ರ ಫೆಬ್ರವರಿಯಲ್ಲಿ ರದ್ದು ಮಾಡಿದ್ರು, ಆದ್ರೆ 2007ರ ಸೆಪ್ಟೆಂಬರ್‌ವರೆಗೆ ಬಂದ ಮಾಲಿನ ದುಡ್ಡು ಹಾಗೇ ಹಂಚ್ಲಿಕ್ಕೆ ಬಿಟ್ರು. ಅಷ್ಟರೊಳಗೆ ನಮ್ಮ ಶೆಡ್ಡಿನ ಅರ್ಧ ಜನ ಗೇರುಬೀಜದ ಫ್ಯಾಕ್ಟರಿಗೆ, ಬೀಡಿಗೆ ಹೋಗಿ ಆಗಿತ್ತು.

ಡೆಪಾಸಿಟಿನದ್ದು ಹೇಳ್ತೇನೆ, ಈಗಿನವರಿಗೆ ಬೇಕಾದ್ದು ಅದು. ಪ್ರತಿ ವರ್ಷ ಕಾಮರ್ಸಿನವರು ರೇಟನ್ನು ಮತ್ತೆ ಲೆಕ್ಕ ಹಾಕ್ತಾರೆ. ಮೊದಲ ವರ್ಷದ್ದು 2007ರಲ್ಲಿ ಮುಗಿದು ರಿವ್ಯೂದಲ್ಲಿ ಇದ್ದ ನಮ್ಮಂಥವರ ರೇಟ್ 10.17ಕ್ಕಿಂತ ಕೆಳಗೆ ಬಂತು. ಜಾಸ್ತಿ ಇಟ್ಟಿದ್ದ ಡೆಪಾಸಿಟ್ ಬಡ್ಡಿ ಸಮೇತ ವಾಪಸ್. ಯಾರಿಗೆ? ಡೆಪಾಸಿಟ್ ಇಟ್ಟ ಬಯ್ಯರಿಗೆ. ಅವನು ಅದನ್ನು ಮೊದಲೇ ನಮ್ಮ ರೇಟಲ್ಲಿ ಕಡಿದಿದ್ದ, ಈಗ ವಾಪಸ್ ಬಂದದ್ದೂ ಅವನಿಗೇ. ಕೇಳಿದ್ರೆ ಕಾಂಟ್ರಾಕ್ಟಲ್ಲಿ ಹಾಗೇನೂ ಬರೆದಿಲ್ಲ ಅಂತ ಒಂದು ಸಾಲಿನ ಮೇಲ್. ಆ ಕಾಲದಲ್ಲಿ ನಮ್ಮ ಕಡೆ ಯಾರ ಕಾಂಟ್ರಾಕ್ಟಲ್ಲೂ ಅದು ಇರ್ತಿರ್ಲಿಲ್ಲ. ಅಲ್ಲಿಂದ ಮುಂದೆ ನಾನು ಅಮೆರಿಕಕ್ಕೆ ಮಾಡಿದ ಪ್ರತಿ ಕಾಂಟ್ರಾಕ್ಟಲ್ಲೂ, ಆಂಟಿ ಡಂಪಿಂಗ್ ಡೆಪಾಸಿಟ್ ವಾಪಸ್ ಬಂದ್ರೆ ರೇಟಲ್ಲಿ ಕಡಿದಷ್ಟು ಬಡ್ಡಿ ಸಮೇತ ಎಕ್ಸ್‌ಪೋರ್ಟರಿಗೆ ಸೇರಬೇಕು ಅಂತ ಸೇರಿಸ್ತಾ ಬಂದೆ. ಕೆಲವರು ಒಪ್ಪಿದ್ರು, ಕೆಲವರು ಆ ಸಾಲು ಹೊಡೆದು ವಾಪಸ್ ಕಳಿಸಿದ್ರು, ಒಪ್ಪಿದವರಿಗೆ ಧಣಿಗಳು ಮೊದಲು ಮಾಲು ಕೊಡ್ತಿದ್ರು.